ಪಿಕಪ್ ಇಲ್ಲದ ಗಾಡಿ

ತೆಲಂಗಾಣದ ಗಡಿಯೂರು ಮಕ್ತಲ್. ಅದರ ಬಸ್ ಸ್ಟ್ಯಾಂಡಿನ ಹಿಂದೆ ಸಾಲಾಗಿ ಮೂರು ಗ್ಯಾರೇಜುಗಳು. ಅಕ್ಕಪಕ್ಕದ ಎರಡರ ಮುಂದೆ ಗಾಡಿಗಳು ಪಾಳಿ ಹಚ್ಚಿರುತ್ತವೆ. ನಡುವಿನದರ ಮುಂದೆ ಒಂದು ನಾಯಿ ಕಾಲು ಚಾಚಿ ಮಲಗಿರುತ್ತದೆ, ಅದನ್ನು ಎಬ್ಬಿಸುವವರೂ ಇಲ್ಲ. ಆ ನಡುವಿನದು ಸಾಯಣ್ಣನದು.

ಆರು ತಿಂಗಳ ಹಿಂದೆ ಹೀಗಿರಲಿಲ್ಲ ಬಿಡಿ. ಹಳೆಯ ಕಾರ್ಬುರೇಟರ್ ಗಾಡಿ ಕೆಟ್ಟರೆ ಸಾಯಣ್ಣನ ಹತ್ತಿರವೇ ಹೋಗಬೇಕು ಎಂದು ಮಾಗನೂರಿನಿಂದ ಗದ್ವಾಲದವರೆಗೆ ಹೆಸರಿತ್ತು. ಆಮೇಲೆ ನಾರಾಯಣಪೇಟೆಯ ನೇಕಾರ ಬಾಲರಾಜುವಿನ ಮಗ ಭಾನುಪ್ರಕಾಶ, ನೇಯ್ದ ಸೀರೆಗಳನ್ನು ಗದ್ವಾಲದ ಅಂಗಡಿಗೆ ಒಪ್ಪಿಸಲು ಹೊರಟವನು, ಮಕ್ತಲ್‌ನಲ್ಲಿ ಹೈವೇ ದಾಟುವಾಗ ಬೈಕಿನ ಎಕ್ಸಿಲೇಟರ್ ತಿರುವಿದ. ಗಾಡಿ ಎಳೆಯಲಿಲ್ಲ. ಒಂದು ಸಲ ಕೆಮ್ಮಿ ನಡುರಸ್ತೆಯಲ್ಲೇ ನಿಂತಿತು. ಬರುತ್ತಿದ್ದ ಲಾರಿ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದವನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಅದಕ್ಕೆ ವಾರ ಮುಂಚೆ ಆ ಗಾಡಿಯ ಸರ್ವಿಸ್ ಮಾಡಿದ್ದು ಸಾಯಣ್ಣ. ಊರಿಗೆ ಇನ್ನೇನು ಬೇಕು? ‘ಸಾಯಣ್ಣ ಕೈ ಹಚ್ಚಿದ್ರ ಕಾಲು ಹೋಗ್ತಾವ’ ಎಂದು ಚಹಾದಂಗಡಿಯಲ್ಲಿ ಯಾರೋ ಅಂದರು, ಅಷ್ಟೇ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು! ಇಪ್ಪತ್ತು ವರ್ಷ ಕೈ ಎಣ್ಣೆ ಮಾಡಿಕೊಂಡವನ ಬಾಯಿಗೆ ಮಣ್ಣು ಬಿತ್ತು.

ಗಿರಾಕಿಗಳು ಹೋದದ್ದು ಹಾಗಿರಲಿ. ನಿಜಕ್ಕೂ ತಾನೇ ಎಲ್ಲೋ ತಪ್ಪಿದೆನೇ ಎಂಬುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಆ ಗಾಡಿಯನ್ನು ಮನಸ್ಸಿನಲ್ಲೇ ಸಾವಿರ ಸಲ ಬಿಚ್ಚಿ ಕೂಡಿಸಿದ್ದ. ಉಣ್ಣುವಾಗಲೂ ಬಿಚ್ಚುತ್ತಿದ್ದ.

ಒಂದು ಗುರುವಾರ ಬೆಳಿಗ್ಗೆ ಬಾಲರಾಜು ಆ ಗಾಡಿಯನ್ನೇ ಸಾಮಾನಿನ ಆಟೋದಲ್ಲಿ ಹಾಕಿಕೊಂಡು ಬಂದ. ಹ್ಯಾಂಡಲ್ ಸೊಟ್ಟಗಾಗಿತ್ತು. ಬಲಗಡೆಯ ಫುಟ್‌ರೆಸ್ಟ್ ಇದ್ದ ಜಾಗದಲ್ಲಿ ಮುರಿದ ಕಬ್ಬಿಣ ತುಕ್ಕು ಹಿಡಿದಿತ್ತು.

“ಪೋಲೀಸ್ರ ಕಡಿಂದ ಬಿಡಿಸ್ಕೊಂಡು ಬಂದ ಮ್ಯಾಲ ಇದನ್ನ ಯಾರೂ ಮುಟ್ಟಿಲ್ಲ, ಸಾಯಣ್ಣ. ನನ್ ಕಣ್ಮುಂದ ಬಿಚ್ಚು. ತಪ್ಪು ಯಾರ್ದು, ಕಸೂರು ಯಾರ್ದು ಅಂತ ಇವತ್ತ ಫೈಸಲಾ ಆಗ್ಲಿ.”

“ಬಿಚ್ಚೂಣ್ರಿ, ಬಾಲರಾಜಣ್ಣ. ನಂಗೂ ಅದ ಬೇಕಾಗೈತಿ,” ಅಂದ ಸಾಯಣ್ಣ.

ಆರು ತಿಂಗಳ ಪೆಟ್ರೋಲ್ ಹಳಸಿ ನಾರುತ್ತಿತ್ತು. ಅದನ್ನು ಚೆಲ್ಲಿ ಹೊಸದು ಹಾಕಿದ. ಒಂಬತ್ತನೇ ಒದೆತಕ್ಕೆ ಇಂಜಿನ್ ಹತ್ತಿತು. ಮೆಲ್ಲಗೆ ತಿರುವಿದರೆ ಹೇಗೋ ಕೇಳುತ್ತಿತ್ತು. ಗಕ್ಕನೆ ತಿರುವಿದರೆ ‘ಭುಸ್’ ಎಂದು ಸೊರಗಿ ಆರಿಹೋಗುತ್ತಿತ್ತು. ಹೈವೇ ಮೇಲೆ ಆದದ್ದೂ ಇದೇ. ಸಾಯಣ್ಣ ಚೋಕ್ ಎಳೆದು ಮತ್ತೆ ತಿರುವಿದ. ಈಗ ಸ್ವಲ್ಪ ಎಳೆಯಿತು.

“ಚೋಕ್ ಎಳದ್ರ ಕೇಳ್ತೈತಿ ಅಂದ್ರ ಪೆಟ್ರೋಲ್ ಕಮ್ಮಿ ಬೀಳಾಕತ್ತೈತಿ. ಇಲ್ಲಾಂದ್ರ ಗಾಳಿ ಎಲ್ಲೋ ಕಳ್ಳತನಲೆ ಒಳಗ ಹೊಂಟೈತಿ,” ಎಂದು ಬಾಲರಾಜುವಿಗೆ ವಿವರಿಸಿದ.

ಎಕ್ಸಿಲೇಟರ್ ಕೇಬಲ್ ನೋಡಿದ, ಸರಾಗವಾಗಿತ್ತು. ಗಾಳಿಯ ಫಿಲ್ಟರ್ ತೆಗೆದ, ಶುದ್ಧವಾಗಿತ್ತು. ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿಗೆ ಸುತ್ತಲೂ ಗ್ರೀಸ್ ಮೆತ್ತಿ ಕಿವಿಗೊಟ್ಟ, ಸದ್ದು ಬದಲಾಗಲಿಲ್ಲ. ಅಂದರೆ ಗಾಳಿ ಸೋರಿಲ್ಲ. ಕೊನೆಗೆ ಗಾಳಿ ಪೆಟ್ರೋಲಿನ ಹದ ಹಿಡಿಯುವ ಸ್ಕ್ರೂವನ್ನು ಎಣಿಸುತ್ತಾ ತಿರುವಿದ. ಸರಿಯಾಗಿ ಎರಡು ಸುತ್ತು. ಅವನು ಬಿಟ್ಟಿದ್ದ ಜಾಗದಲ್ಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಇನ್ನುಳಿದದ್ದು ಜೆಟ್ಟುಗಳು, ಪೆಟ್ರೋಲ್ ಹಾಯುವ ಹಿತ್ತಾಳೆಯ ತೂತುಗಳು.

ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚುತ್ತಿದ್ದಂತೆ ಬಾಲರಾಜು ಅಂದ, “ಜೆಟ್ ಸುದ್ದಿ ಬ್ಯಾಡ ಬಿಡು. ಅದನ್ನ ನಾನ ಸಾಫ್ ಮಾಡೀನಿ.”

ಸಾಯಣ್ಣನ ಕೈ ನಿಂತಿತು. “ಯಾವಾಗ್ರಿ?”

“ಕಾಲು ಹೋದ ಹಿಂದಿನ ದಿನಾನೇ. ಅಮಾಸಿ ಇತ್ತು. ಅಮಾಸಿಗೆ ನಾವು ಮಗ್ಗಕ್ಕ ಇಳಿಯಂಗಿಲ್ಲಲ್ಲ. ಗಾಡಿ ಒಂಚೂರು ಮುಗ್ಗರಸ್ತೈತಿ, ಸಾಯಣ್ಣನ ಕಡೆ ಒಯ್ತೀನಿ ಅಂದ ಭಾನು. ಇಷ್ಟಕ್ಕ ಮಕ್ತಲ್ ತನಕ ಯಾಕೋ, ಖಾಲಿ ಕುಂತೀನಿ, ತಾ ಇಲ್ಲಿ ಅಂದೆ. ನೀ ತಾಮ್ರದ ತಂತಿಲೆ ಚುಚ್ಚೂದು ನೋಡಿದ್ದೆ. ನಮ್ ಮನ್ಯಾಗ ಅದಕ್ಕಿಂತ ಸಣ್ಣದೈತಿ. ಹೊಸ ಜರಿ ಎಳಿ ಹಾಕಿ ಆ ಕಡೆ ಈ ಕಡೆ ನಾಕು ಸರ್ತಿ ಎಳದೆ. ಕನ್ನಡಿ ಆಗಿತ್ತು, ಕನ್ನಡಿ!”

ನಲವತ್ತು ವರ್ಷ ಕೂದಲಿನಂಥ ಎಳೆಗಳನ್ನು ಪಳಗಿಸಿದ ಕೈಗೆ ಆ ಹೆಮ್ಮೆ ಸಹಜವೇ. ಸಾಯಣ್ಣ ಸಣ್ಣ ಜೆಟ್ ಬಿಚ್ಚಿ, ಬಾಗಿಲ ಕಡೆ ತಿರುಗಿ ಬೆಳಕಿಗೆ ಹಿಡಿದ. ಬೆಳಕು ಬರಲಿಲ್ಲ. ಊದಿದ, ಗಾಳಿ ಹಾಯಲಿಲ್ಲ. ತಂತಿಯಿಂದ ಮೆಲ್ಲಗೆ ತಳ್ಳಿದ. ಹೆಬ್ಬೆರಳಿನ ಗ್ರೀಸಿನ ಮೇಲೆ ಸುರುಳಿಯಾದ ಒಂದು ಚೂರು ಉದುರಿ ಮಿಣಕ್ಕೆಂದಿತು. ಜರಿ ಅಂದರೆ ಒಳಗೆ ರೇಷ್ಮೆಯ ಎಳೆ, ಮೇಲೆ ಬೆಳ್ಳಿಯ ಸುತ್ತು. ಸೀರೆಯ ಅಂಚಿನಲ್ಲಿ ಅದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಹಿತ್ತಾಳೆಯ ತೂತಿನಲ್ಲಿ ಎಳೆದರೆ ಸುತ್ತು ಬಿಚ್ಚಿ ಅಲ್ಲೇ ಕೂತುಬಿಡುತ್ತದೆ.

ಮೊದಲು ಬಂದದ್ದು ಸಂತೋಷ. ನಾಚಿಕೆಗೇಡಿನ ಮಾತು, ಆದರೆ ಸುಳ್ಳೇಕೆ? ಸಾಯಣ್ಣನ ಎದೆ ಹಗುರಾಯಿತು. ಬೀದಿಗೆ ಓಡಿಹೋಗಿ, ಬರ್ರೋ, ನೋಡ್ರೋ, ಯಾರ ಕಸೂರು ಅಂತ ಎಂದು ಕೂಗಬೇಕೆನಿಸಿತು. ಬಾಯಿ ತೆರೆದು ಬಾಲರಾಜುವಿನ ಕಡೆ ತಿರುಗಿದ.

ಬಾಲರಾಜು ಸ್ಪ್ಯಾನರುಗಳ ಪೆಟ್ಟಿಗೆಯ ಮೇಲೆ ಕೂತಿದ್ದ. ಕೂತಲ್ಲೇ ಅವನ ಎರಡು ಕಾಲುಗಳೂ ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ಗುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಹಲಗೆ ತುಳಿದು ತುಳಿದು ಆದ ಅಭ್ಯಾಸ. ಆ ಮನೆಯಲ್ಲಿ ಇದ್ದದ್ದು ಎರಡು ಮಗ್ಗ. ಮಗನ ಮಗ್ಗಕ್ಕೆ ಈಗ ಬಟ್ಟೆ ಹೊದಿಸಿದ್ದಾರೆ ಎಂದು ಸಾಯಣ್ಣ ಕೇಳಿದ್ದ.

“ಏನ್ ಸಿಕ್ತು?”

ಸಾಯಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ. “ಜೆಟ್ ಸಾಫ್ ಐತ್ರಿ. ಸ್ಕ್ರೂ... ಸ್ಕ್ರೂ ನಾ ಬರಾಬರ್ ಕುಂದ್ರಿಸಿಲ್ಲ. ಕಸೂರು ನಂದೇ.”

ಬಾಲರಾಜು ಕೂಗಾಡಲಿಲ್ಲ. ಅವನ ಭುಜಗಳು ಇಳಿದವು. “ಹಂಗಾರ ನಂದಲ್ಲ,” ಎಂದು ತನಗೆ ತಾನೇ ಅಂದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಯ್ಯೋ, ಇಷ್ಟು ದಿನ ಈ ಮನುಷ್ಯನನ್ನೂ ಅದೇ ಹುಳು ತಿಂದಿತ್ತಲ್ಲ ಎಂದು ಸಾಯಣ್ಣನಿಗೆ ಆಗ ಹೊಳೆಯಿತು.

ಜೆಟ್ ಕೂಡಿಸಿ, ಸ್ಕ್ರೂ ತಿರುವಿದಂತೆ ತೋರಿಸಿ, ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟ. ತಿರುವಿದೊಡನೆ ಗಾಡಿ ಹುರುಪಿನಿಂದ ಎಳೆಯಿತು. ಬಾಲರಾಜು ಗಾಡಿಯನ್ನು ಆಟೋಕ್ಕೆ ಏರಿಸಿ ಹೊರಡುವ ಮುಂಚೆ ಬಗ್ಗಿ ಎರಡು ಕೈತುಂಬ ಮಣ್ಣು ತೆಗೆದು ಅಂಗಡಿಯ ಬಾಗಿಲಿಗೆ ತೂರಿದ. ಸಿಟ್ಟಿನಲ್ಲಿ ಅವನ ಮಾತು ತೆಲುಗಿಗೆ ಹೊರಳಿತು. ನಿನ್ನ ಮನೆ ಹಾಳಾಗಲಿ ಎಂದು ಶಪಿಸಿದ. ಅಕ್ಕಪಕ್ಕದವರೆಲ್ಲ ನೋಡಿದರು. ಆ ಚೂರನ್ನು ಸಾಯಣ್ಣ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಎತ್ತಿಟ್ಟ. ಇರಲಿ, ಯಾವತ್ತಾದರೂ ಬೇಕಾದೀತು.

ಸಂಜೆ ಫೋನ್ ಬಂತು. “ನಾನ್ರಿ, ಭಾನು. ಅಪ್ಪ ಬಂದು ಹೇಳಿದ. ಇವತ್ತ ಹೊಟ್ಟಿತುಂಬ ಉಂಡಾನ.”

“ಆಗ್ಲಿ ಬಿಡಪಾ.”

“ಜೆಟ್ಟಿನ್ಯಾಗ ಜರಿ ಇತ್ತಲ್ರಿ?”

ಸಾಯಣ್ಣ ಸ್ಟೂಲು ಎಳೆದು ಕೂತ. “ನಿಂಗ ಗೊತ್ತಿತ್ತೇನೋ?”

“ಅಪ್ಪ ಎಳೀವಾಗ ಎದುರಿಗೇ ಕುಂತಿದ್ದೆ. ಬ್ಯಾಡಪಾ ಅಂದೆ. ಜರಿ ತುದಿ ಹರದಿತ್ತು. ಅವ ನೋಡ್ಲಿಲ್ಲ. ಹೊರಗ ಬಿದ್ದಿರಬೇಕು ಬಿಡು ಅಂತ ನಾನೂ ಸುಮ್ನಾದೆ.”

“ಆರು ತಿಂಗಳು!” ಸಾಯಣ್ಣನ ಮೈ ಉರಿದುಹೋಯಿತು. “ಆರು ತಿಂಗಳು ಊರ್ತುಂಬ ನನ್ ಮಾರಿಗೆ ಉಗದ್ರಲ್ಲೋ! ಒಂದ್ ಮಾತು ಹೇಳಾಕ ನಿಂಗ ಬಾಯಿ ಇರ್ಲಿಲ್ಲೇನು?”

ಫೋನಿನ ಆ ಕಡೆ ಎಲ್ಲೋ ಮಗ್ಗದ ಸದ್ದು ಕೇಳುತ್ತಿತ್ತು, ಲಟಕ್, ಲಟಕ್.

“ಹೇಳಿದ್ರ ಅಪ್ಪ ಮತ್ತ ಜರಿ ಮುಟ್ತಿದ್ನೇನ್ರಿ?” ಅಂದ ಭಾನು. “ಮಗ್ಗ ತುಳಿಯಾಕ ಮನ್ಯಾಗ ಈಗ ಅವನ ಕಾಲಷ್ಟ ಉಳದಾವ. ನಂಗ ಬೈರಿ. ಎಷ್ಟ್ ಬೇಕಾದ್ರೂ ಬೈರಿ.”

ಬೈಯಲು ನಾಲಿಗೆ ತುದಿಗೆ ಬೇಕಾದಷ್ಟು ಬಂದಿತ್ತು. ಸಾಯಣ್ಣ ಆ ಲಟಕ್ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ಫೋನ್ ಇಟ್ಟ.

ಬೆಂಕಿಪೊಟ್ಟಣ ತೆಗೆದು ಆ ಚೂರನ್ನು ಹಳೆಯ ಆಯಿಲ್ ಡಬ್ಬಿಗೆ ಹಾಕಿದ. ಆಮೇಲೆ ಪೊರಕೆ ಹಿಡಿದು ಬಾಗಿಲ ಮುಂದಿನ ಮಣ್ಣು ಗುಡಿಸತೊಡಗಿದ. ಪಕ್ಕದ ಗ್ಯಾರೇಜಿನ ಹನುಮಂತು ಎಲ್ಲರಿಗೂ ಕೇಳುವಂತೆ ಕೂಗಿದ, “ಒಪ್ಕೊಂಡಿ ಅಂತಲ್ಲೋ ಸಾಯಣ್ಣ, ಖರೇನಾ?”

ಸಾಯಣ್ಣ ತಲೆ ಎತ್ತಲಿಲ್ಲ. “ಹೂಂ,” ಅಂದ. “ನಂದೇ ಕಸೂರು.”