ಪರಿಶೀಲಿಸುತ್ತೇವೆ

ನಿಶಿಮುರಾ-ಸಾನ್ ಹಲ್ಲುಗಳ ನಡುವೆ ಉಸಿರೆಳೆದುಕೊಂಡಾಗಲೇ ನನಗೆ ಅನುಮಾನ ಬಂತು. ಎಂಬತ್ತನಾಲ್ಕರ ಬೇಸಿಗೆ. ನಮ್ಮ ತುರ್ಭೆ ಕಾರ್ಖಾನೆಯ ವಾಲ್ವುಗಳನ್ನು ತಿರುಗಿಸಿ ತಿರುಗಿಸಿ ನೋಡಿದ, ಆರ್ಡರ್ ಕೊಡುವ ಮುಂಚೆ ಪರೀಕ್ಷಿಸಲು ಬಂದಿದ್ದ ಆ ಜಪಾನಿ ಅಧಿಕಾರಿ, "ಕೆಂತೋ ಶಿಮಾಸು" ಎಂದು ಬಗ್ಗಿ ನಮಸ್ಕರಿಸಿದರು. ದುಭಾಷಿಯಾದ ನಾನು "ಪರಿಶೀಲಿಸುತ್ತೇವೆ ಅಂತಾರೆ" ಎಂದೆ. ಮಾತಿಗೆ ಮಾತು ಸರಿಯೇ. ಆದರೆ ಜಪಾನಿನವರು ಮುಖಕ್ಕೆ ಮುಖ ಕೊಟ್ಟು 'ಬೇಡ' ಎನ್ನುವುದಿಲ್ಲ, ಹೀಗೆನ್ನುತ್ತಾರೆ.

ಅವರ ಕಾರು ಗೇಟು ದಾಟಿತೋ ಇಲ್ಲವೋ, ಮಾಲೀಕ ಮುರಾರಿಯವರು ಪೇಡೆ ತರಿಸಿಬಿಟ್ಟರು. ಭಾರೀ ಆತುರದ ಮನುಷ್ಯ! ಆರ್ಡರ್ ಸಿಕ್ಕರೆ ಕಾಯಂ ಮಾಡುತ್ತೇನೆಂದು ಲೋಡರ್ ಸೈದಪ್ಪನಿಗೆ ಮೊದಲೇ ಮಾತು ಕೊಟ್ಟಿದ್ದರು. ಸೈದಪ್ಪ ಓಡುತ್ತಾ ಬಂದ.

"ಅಕ್ಕಾರ, ನಮ್ಮೂರ ಅಂಬಾರಾಯ ಇವತ್ತ ಸಂಜೀ ಗಾಡಿಗೆ ಊರಿಗೆ ಹೊಂಟಾನ್ರಿ. ನನ್ನ ಹೆಂಡ್ತಿ ಮಾನಮ್ಮಗ ಹೇಳಿ ಕಳಸ್ತೀನಿ. ಗೌಡ್ರ ಮನಿ ಕೆಲಸ ಬಿಟ್ಟು, ಮಕ್ಕಳನ್ನ ಕರ್ಕೊಂಡು ಬಂದುಬಿಡು ಅಂತ."

ಕೂತಲ್ಲಿ ಕೂರಲಾಗಲಿಲ್ಲ. ಮುರಾರಿಯವರ ಕೋಣೆಗೆ ನುಗ್ಗಿದೆ.

"ಸರ್, ಅವರು ಬೇಡ ಅಂತಲೇ ಹೇಳಿದ್ದು."

"ಎಂತ ಲೋಲಾಕ್ಷಿ! ಪರಿಶೀಲಿಸ್ತೇವೆ ಅಂದದ್ದು ನೀನೇ ಅಲ್ವಾ? ನಿನ್ನ ಕೆಲಸ ಮಾತು ಹೇಳುದು, ಭವಿಷ್ಯ ಹೇಳುದಲ್ಲ."

ಮೈಯೆಲ್ಲ ಉರಿಯಿತು. ಕೇಳಲು ಹೆದರಿದ್ದ ಪ್ರಶ್ನೆ ಬಾಯಿಂದ ಹೊರಬಿತ್ತು.

"ನಿಮ್ಮ ತಮ್ಮನಿಗೆ ನನ್ನನ್ನು ನೋಡ್ಲಿಕ್ಕೆ ಬಂದ ನಿಮ್ಮಮ್ಮ, 'ಹಿರಿಯರಲ್ಲಿ ಕೇಳಿ ಹೇಳಿ ಕಳಿಸ್ತೇವೆ' ಅಂತ ಹೋದ್ರಲ್ಲ ಸರ್. ನಮ್ಮಮ್ಮ ಇನ್ನೂ ಕಾಯ್ತಾ ಇದ್ದಾರೆ. ಅದು ಹೌದು ಅಂತಲಾ, ಬೇಡ ಅಂತಲಾ?"

ಮುರಾರಿ ಕನ್ನಡಕ ತೆಗೆದು ಒರೆಸತೊಡಗಿದರು.

"ಅದು... ಎದುರಿಗೇ ಹೇಗೆ ಹೇಳುದು ಅಂತ ಅಮ್ಮ..."

ಅಂದರೆ ಅದೂ 'ಬೇಡ'ವೇ. ಅವರ ತಮ್ಮ ಕುಶಲ ನನಗೆ ತುಂಬಾ ಹಿಡಿಸಿದ್ದ.

"ಸೈದಪ್ಪನಿಗೆ ನೀನೇ ಹೇಳಿಬಿಡು," ಎಂದರು ಮುರಾರಿ, ತಲೆ ಎತ್ತದೆ.

ಸೈದಪ್ಪ ಗೇಟಿನ ಹತ್ತಿರ ಸಿಕ್ಕ.

"ಮಾನಮ್ಮನನ್ನು ಈಗ ಕರೆಸಬೇಡಿ. ಆರ್ಡರ್ ಸಿಗ್ಲಿಲ್ಲ."

"ಜಪಾನ್ ಸಾಹೇಬ್ರು ಹಂಗಂದ್ರೇನ್ರಿ?"

"ಅವರು ಹೇಳುದಿಲ್ಲ. ನಾನು ಹೇಳ್ತಿದ್ದೇನೆ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಈಗಾದ್ರೂ ಹೇಳಿದ್ರಿ, ಚಲೋ ಆತ್ರಿ," ಎಂದ.

ಸಂಜೆ ನೌಪಾಡಾದ ನಮ್ಮ ಮನೆಗೆ ಹೋಗಿ ಅಮ್ಮನಿಗೂ ಇಷ್ಟೇ ನೇರವಾಗಿ ಹೇಳಬೇಕಿತ್ತು. ಅವಳು ಆಗಲೇ ಧಾರೆ ಸೀರೆಯ ಬಣ್ಣ ಆರಿಸಿಟ್ಟಿದ್ದಳು.