ತುಪ್ಪವಿಲ್ಲದ ಹೋಳಿಗೆ

ಮೊದಲ ಕಾಲೇಜಿನಲ್ಲಿ ಯಶೋಧರಾ ವರ್ಷವಿಡೀ ಒಬ್ಬಳೇ ಬುತ್ತಿ ಉಂಡಳು. ಯಾರೂ ಬೈಯಲಿಲ್ಲ. ಮೊದಲ ವಾರ ಒಬ್ಬಳು ನಗುನಗುತ್ತ 'ನೀವು ಯಾರ ಪೈಕಿ?' ಎಂದು ಕೇಳಿದಳು. ಇವಳು ಹೇಳಿದಳು. ಮರುದಿನದಿಂದ ಪಕ್ಕದ ಬೆಂಚು ಖಾಲಿ. ಅಂಥ ಸಭ್ಯತೆಗಿಷ್ಟು ಬೆಂಕಿ ಹಾಕ! ಇನ್ನೊಂದು ವರ್ಷ ಹೀಗೇ ಕೂರುವುದಾದರೆ ಓದೇ ಬೇಡ ಎಂದು ಹುಡುಗಿ ಹಟ ಹಿಡಿದಳು.

ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಲು ಎರಡು ಕಾಲೇಜು ಒಪ್ಪಿದ್ದವು, ಒಂದು ಹುಬ್ಬಳ್ಳಿಯದು, ಒಂದು ಧಾರವಾಡದ್ದು. ಮಾಸ್ತರನಾಗಿದ್ದ ಅಪ್ಪ ರಿಸಲ್ಟು ನೋಡು ಎಂದ. ಅಜ್ಜಿ ಮುತ್ತವ್ವ ಡಬ್ಬಿಗೆ ಶೇಂಗಾ ಹೋಳಿಗೆ ತುಂಬುತ್ತ ಬೇರೆಯೇ ಹೇಳಿದಳು.

"ಕಟ್ಟಡ ನೋಡಿ ಮಳ್ಳಾಗಬ್ಯಾಡವಾ. ಬುತ್ತಿ ಬಿಚ್ಚಿ ಕೂಡು. ಯಾರ ಕೈ ಹಾಕ್ತಾರ, ಯಾರ ಹಿಂದ ತಗೀತಾರ, ಅದನ್ನ ನೋಡು."

ಹುಬ್ಬಳ್ಳಿಯದಕ್ಕೆ ಗಾಜಿನ ಗೋಡೆ, ಲಿಫ್ಟು. ಕ್ಯಾಂಟೀನಿನಲ್ಲಿ ಎಲ್ಲರೂ ತಂತಮ್ಮ ಮೊಬೈಲ್ ಜೊತೆ ಊಟ ಮಾಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೆ ಹೇಳುವ ಗೋಜೂ ಇಲ್ಲ ಎಂದು ಅವಳಿಗೆ ಹಾಯೆನಿಸಿತು. ಇದೇ ಸಾಕು ಎಂದುಕೊಂಡಳು.

ಆದರೂ ಸೋಮವಾರ ಧಾರವಾಡದ ಸಪ್ತಾಪುರದ ಕಾಲೇಜಿಗೆ ಹೋದಳು. ಬೇವಿನ ಗಿಡದ ಕೆಳಗೆ ಹುಡುಗಿಯರ ಹರಟೆ ಜೋರು. ಐಶ್ವರ್ಯಾ ಎಂಬವಳು ತನ್ನ ಚೀಲ ಸರಿಸಿ ಜಾಗ ಮಾಡಿದಳು. ಹೆಸರು ಕೇಳಿದಳು, ಮನೆ ಎಲ್ಲಿ ಎಂದು ಕೇಳಿದಳು. ನವನಗರ ಎಂದು ಹೇಳಿ ಯಶೋಧರಾ ಡಬ್ಬಿ ಬಿಚ್ಚಿ ಮುಂದಿಟ್ಟಳು.

"ಬ್ಯಾಡವಾ," ಎಂದು ಐಶ್ವರ್ಯಾ ಕೈ ಹಿಂದಕ್ಕೆ ಎಳೆದುಕೊಂಡಳು.

ಹೆಸರು ಕೇಳಿಯೇ ತಾನು ಯಾರ ಪೈಕಿ ಎಂದು ಇವಳಿಗೆ ಗೊತ್ತಾಗಿರಬೇಕು. ಯಶೋಧರಾ ಮುಚ್ಚಳ ಹಾಕಿ ಎದ್ದಳು.

"ಏ, ಎಲ್ಲಿ ಹೊಂಟಿ? ಇವತ್ತು ಶ್ರಾವಣ ಸೋಮವಾರ, ನಂದು ಒಪ್ಪತ್ತು. ಸಂಜಿ ಲಿಂಗಪೂಜಿ ಆಗೂಮಟ ಏನೂ ತಿನ್ನಂಗಿಲ್ಲ. ಹಂಗಂತ ಹೋಳಿಗಿ ಬಿಡ್ತೇನೇನು? ಎರಡು ಕಟ್ಟಿಕೊಡು, ರೂಮಿಗೆ ಒಯ್ತೇನಿ."

ಯಶೋಧರಾ ಕುಳಿತಳು. ಆದರೆ ಜಾತಿ ಮುಚ್ಚಿಟ್ಟು ವರ್ಷಪೂರ್ತಿ ಹೆದರುವುದು ಅವಳಿಗೆ ಬೇಡವಾಗಿತ್ತು.

"ನಾವು ದಲಿತರು, ಬೌದ್ಧರು. ನಿಮ್ಮ ಒಪ್ಪತ್ತಿಗೆ ನಮ್ಮ ಮನಿ ಹೋಳಿಗಿ ನಡೀತೈತೇನು?"

ಐಶ್ವರ್ಯಾ ಡಬ್ಬಿಯೊಳಗೆ ಇಣುಕಿ ಮುಖ ಸಿಂಡರಿಸಿದಳು. "ನಡೀತೈತಿ. ಆದ್ರ ತುಪ್ಪ ಎಲ್ಲೈತಿ? ಶೇಂಗಾ ಹೋಳಿಗಿ ಹಿಂಗ ಒಣಾ ಒಣಾ ಯಾರ ಕಟ್ತಾರ?"

ಯಶೋಧರಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಸಂಜೆ ಮುತ್ತವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಯಾವ ಕಾಲೇಜವಾ?"

"ಧಾರವಾಡದ್ದು, ಆಯಿ. ಲಿಂಗಾಯತರ ಹುಡುಗಿ ನಿನ್ನ ಹೋಳಿಗಿಗೆ ಹೆಸರಿಟ್ಲು, ತುಪ್ಪ ಇಲ್ಲಂತ. ಬೈಕೊಂತನ ಎರಡು ಕಟ್ಟಿಸ್ಕೊಂಡು ಒಯ್ದಾಳ."

"ನನ್ನ ಹೋಳಿಗಿಗೆ ಹೆಸರಿಡಾಕಿ ಯಾರಕಿ!" ಎಂದು ರೇಗಿದ ಮುದುಕಿಗೆ ಆಮೇಲೆ ಹೊಳೆಯಿತು. ಇಷ್ಟು ವಯಸ್ಸಾದರೂ ಮೇಲ್ಜಾತಿ ಮನೆಗಳವರು ಯಾರೂ ಅವಳ ಅಡುಗೆಗೆ ಹೆಸರಿಟ್ಟಿರಲಿಲ್ಲ. ತಿಂದಿದ್ದರಲ್ಲವೇ ಇಡುವುದು!

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು, ಬೆಣ್ಣೆ ಕಾಸಲು ಒಲೆ ಹಚ್ಚಿದಳು.