ಅಳಿಯನ ನೋಟುಬುಕ್ಕು

ಮೈಲಾರಮ್ಮ ಒಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸುತ್ತ, ಇನ್ನೊಂದು ಕೈಯಿಂದ ನೆನೆದ ಹುಣಸೆ ಬೀಜವನ್ನು ಒರಳೊಳಕ್ಕೆ ತಳ್ಳುತ್ತಿದ್ದಳು. ಸೆರಗು ಜಾರಿತು. ಎರಡು ಕೈಯೂ ಹಿಟ್ಟಾಗಿದ್ದರಿಂದ ಅದರ ಅಂಚನ್ನು ಹಲ್ಲಲ್ಲಿ ಕಚ್ಚಿ ಮುಖದ ಮೇಲಕ್ಕೆ ಎಳೆದುಕೊಂಡಳು. ನಾಲ್ಕು ಮಾರು ಆಚೆಯ ಕಟ್ಟೆಯ ಮೇಲೆ, ತೊಡೆಯ ಮೇಲೆ ನೋಟುಬುಕ್ಕು ಬಿಚ್ಚಿಕೊಂಡು, ಅವಳ ಮಗಳನ್ನು ಮದುವೆಯಾಗಲಿದ್ದ ಜುಂಜಣ್ಣ ಕುಳಿತಿದ್ದ.

ಆ ಮನೆತನದಲ್ಲಿ ಒಂದು ನೇಮವಿತ್ತು. ಲಗ್ನದ ದಿನ ಅಳಿಯನಿಗೆ ಹೊಸ ಕಂಬಳಿ ಹೊದಿಸುವ ತನಕ ಅತ್ತೆಯಾದವಳು ಅವನಿಗೆ ಮುಖ ತೋರಿಸಬಾರದು, ಅವನ ಜೊತೆ ಮಾತಾಡಬಾರದು. ಇದುವರೆಗೆ ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ. ಹಿಂದಿನ ಅಳಿಯಂದಿರು ಬಂದರು, ಉಂಡರು, ಎಲೆಅಡಿಕೆ ಹಾಕಿಕೊಂಡು ಹೋದರು. ಅವರಲ್ಲಿ ಯಾರಿಗೂ ಅತ್ತೆಯನ್ನು ಕೇಳಬೇಕಾದ ಪ್ರಶ್ನೆಗಳೇ ಇರಲಿಲ್ಲ. ಈ ಅಳಿಯ ಪ್ರಶ್ನೆ ಕೇಳುವುದಕ್ಕೆಂದೇ ಬಂದಿದ್ದ.

ಜುಂಜಣ್ಣ ಹಿರೇಹಾಳದ ಕಡೆಯವನು. ಅವರ ಮನೆಯಲ್ಲಿ ಕುರಿಗಳಿದ್ದವು, ಮಗ್ಗವಿರಲಿಲ್ಲ. ಮೇಷ್ಟರಾಗಬೇಕೆಂದು ಟ್ರೈನಿಂಗ್ ಸ್ಕೂಲು ಸೇರಿದ್ದ. ಮಕ್ಕಳಿಗೆ ಪಾಠವನ್ನೂ ಒಂದು ಕೈಕಸುಬಿನ ಮೂಲಕವೇ ಕಲಿಸಬೇಕೆಂಬ ಹೊಸ ಮಾತು ಆಗ ಮದ್ರಾಸಿನಿಂದ ಇಲ್ಲಿಯವರೆಗೂ ಬಂದು ಮುಟ್ಟಿತ್ತು. ಅದಕ್ಕೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಸುಬನ್ನು ಕಣ್ಣಾರೆ ನೋಡಿ, ಅದರ ವಿಜ್ಞಾನ, ಯಂತ್ರ, ಕಲೆ, ಭಾಷೆ ಎಂದು ನಾಲ್ಕು ಭಾಗ ಮಾಡಿ ಟಿಪ್ಪಣಿ ಬರೆಯಬೇಕಿತ್ತು. ಬರೆದರೆ ಮುಗಿಯಲಿಲ್ಲ, ಸೋಮವಾರ ಪರೀಕ್ಷಕರ ಎದುರು ತಾನು ಬರೆದ ಹಾಗೆಯೇ ಮಾಡಿಯೂ ತೋರಿಸಬೇಕು. ಜುಂಜಣ್ಣ ಆರಿಸಿಕೊಂಡದ್ದು ಕಂಬಳಿ ನೇಯುವ ಮುಂಚೆ ಉಣ್ಣೆಯ ನೂಲಿಗೆ ಗಂಜಿ ಹಚ್ಚುವ ಕೆಲಸ. ತಪ್ಪಿದರೆ ಇನ್ನೊಂದು ವರ್ಷ ಅದೇ ಬೆಂಚು. ಮೈಲಾರಮ್ಮನ ಗಂಡ ದೊಡ್ಡಬೀರಪ್ಪನೋ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಸರ್ಟಿಫಿಕೇಟು ಬಂದ ಮೇಲೇ ಲಗ್ನ.

ನಿನ್ನೆ ಬಂದವನು ಅದೇ ಊರಿನ ಪರಿಚಯಸ್ಥ ರೇವಣಸಿದ್ದಯ್ಯನ ಮನೆಯಲ್ಲಿ ಇಳಿದುಕೊಂಡು, ಬೀಜ ಹುರಿಯುವುದನ್ನೂ ಕುಟ್ಟಿ ಸಿಪ್ಪೆ ತೆಗೆಯುವುದನ್ನೂ ನೋಡಿದ್ದ. ಇವತ್ತು ರುಬ್ಬುವುದು, ಕುದಿಸುವುದು. ಮಧ್ಯಾಹ್ನದ ರೈಲು ಹಿಡಿಯಲು ರಾಯದುರ್ಗ ಸೇರಬೇಕು. ಅತ್ತೆಗೂ ಅಳಿಯನಿಗೂ ನಡುವೆ ಮಾತು ಸಾಗಿಸುವ ಕೆಲಸ ದೊಡ್ಡಬೀರಪ್ಪನ ತಾಯಿ ರಂಗಕ್ಕನದು. ಆಕೆ ಗೋಡೆಗೊರಗಿ, ಮೂಗಿಗೆ ನಶ್ಯ ಏರಿಸಿಕೊಂಡು, ಕಚೇರಿಯ ದುಭಾಷಿಯ ಗತ್ತಿನಲ್ಲಿ ಕುಳಿತಿದ್ದಳು.

"ಅಜ್ಜಿ, ಅತ್ತೆಯೋರನ್ನ ಕೇಳ್ರಿ, ಬೀಜ ಎಷ್ಟೊತ್ತು ನೆನೀಬೇಕು ಅಂತ."

ರಂಗಕ್ಕ ಸೊಸೆಯ ಕಡೆ ತಿರುಗಲೂ ಇಲ್ಲ. "ಆಕಿನ್ನ ಯಾಕ ಕೇಳ್ಬೇಕು? ಆಕಿಗೆ ಕಲಿಸಿದಾಕಿ ನಾನು. ಸಂಜಿಗೆ ಹಾಕಿದ್ರ ಕೋಳಿ ಕೂಗೋ ಹೊತ್ತಿಗೆ ತಗೀಬೇಕು. ಬರ್ಕೋರಿ ಮಾಸ್ತರ."

"ಕೋಳಿ ಎಷ್ಟು ಗಂಟಿಗೆ ಕೂಗ್ತೈತ್ರಿ?"

"ನಮ್ಮದು ಅದರ ಮನಸು ಬಂದಾಗ ಕೂಗ್ತೈತಿ. ನಿಮ್ಮ ಸ್ಕೂಲಿನ ಕೋಳಿ ಗಡಿಯಾರ ನೋಡಿ ಕೂಗ್ತಾವೇನು?"

ಜುಂಜಣ್ಣ ಸ್ವಲ್ಪ ಯೋಚಿಸಿ, ಹತ್ತು ತಾಸು ಎಂದು ಬರೆದುಕೊಂಡ. "ಇನ್ನ ವಿಜ್ಞಾನದ ಭಾಗ. ಹುಣಸೆ ಬೀಜಾನ ಯಾಕ್ರಿ? ಜ್ವಾಳದ ಹಿಟ್ಟು ಯಾಕ ಬ್ಯಾಡ?"

"ಜ್ವಾಳ ತಿನ್ನಾಕ ಬೇಕು."

ಅದನ್ನೂ ಬರೆದುಕೊಂಡ. ಹುಡುಗನಲ್ಲಿ ಸೋಮಾರಿತನವಿಲ್ಲ ಎಂಬುದನ್ನು ಮೈಲಾರಮ್ಮ ಸೆರಗಿನ ಸಂದಿಯಿಂದ ಒಪ್ಪಿಕೊಂಡಳು.

"ಯಂತ್ರದ ಭಾಗಕ್ಕ ಒರಳು ಬರೀಲ್ರಿ?"

"ಬರೀರಿ. ಅದನ್ನ ತಿರುಗಿಸೋ ಯಂತ್ರಾನೂ ಬರೀರಿ, ಅಲ್ಲಿ ಸೆರಗು ಹೊದ್ದು ಕುಂತೈತಿ."

ಮೈಲಾರಮ್ಮನಿಗೆ ನಗು ಬಂತು. ಸೆರಗಿನ ಅಂಚು ಹಲ್ಲಲ್ಲಿ ಇದ್ದದ್ದು ಒಳ್ಳೆಯದಾಯಿತು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಟಿಪ್ಪಣಿಯ ಕೆಳಗೆ ಕೆಲಸ ತಿಳಿದವರ ಹೆಸರು ಹಾಕಬೇಕು, ಏನಂತ ಹಾಕಲಿ ಎಂದು ಜುಂಜಣ್ಣ ಕೇಳಿದ. ಮುದುಕಿ ಕಣ್ಣು ಮಿಟುಕಿಸದೆ "ರಂಗಕ್ಕ" ಅಂದಳು. ಅಂದು, ದೊಡ್ಡ ಅಕ್ಷರದಲ್ಲಿ ಬರೀರಿ ಅಂತಲೂ ಸೇರಿಸಿದಳು.

ಗುಂಡುಕಲ್ಲು ಅರೆಗಳಿಗೆ ನಿಂತಿತು. ರಂಗಕ್ಕನ ಭುಜ ಹಿಡಿದುಕೊಂಡು, ರುಬ್ಬಲಾಗದೆ ಹದಿನೆಂಟು ವರ್ಷವಾಗಿತ್ತು. ಅಂದಿನಿಂದ ಈ ಮನೆಯ ಒಂದೊಂದು ಕಂಬಳಿಯ ಗಂಜಿಯೂ ಮೈಲಾರಮ್ಮನ ಕೈಯದೇ. ಸಂತೆಯಲ್ಲಿ ಜನ ಕಂಬಳಿಯನ್ನು ನಿಲ್ಲಿಸಿ ನೋಡಿ, ಅದು ಮಡಿಕೆ ಬೀಳದೆ ನಿಂತರೆ, ದೊಡ್ಡಬೀರಪ್ಪನ ಮಗ್ಗವನ್ನು ಹೊಗಳುತ್ತಿದ್ದರು. ಈಗ ಅದು ಪುಸ್ತಕದಲ್ಲೂ ಇನ್ಯಾರದೋ ಹೆಸರಿಗೆ ಹೋಯಿತು. ಹೋಗಲಿ ಎಂದುಕೊಂಡಳು. ಹಾಗೆಂದುಕೊಂಡ ಮೇಲೂ ಕಲ್ಲು ಮಾತ್ರ ಮೊದಲಿಗಿಂತ ಜೋರಾಗಿಯೇ ತಿರುಗಿತು.

ಗಂಜಿ ಕುದಿದು, ಸೌಟಿಗೆ ಅಂಟುವಷ್ಟು ಮಂದವಾದಾಗ ಅವಳು ಮಡಕೆಯನ್ನು ಒಲೆಯಿಂದ ಇಳಿಸಿದಳು. ಜುಂಜಣ್ಣ ಗಂಟಲು ಸರಿಮಾಡಿಕೊಂಡು, ಸ್ಕೂಲಿನ ಭಾಷೆಯಾದ ತೆಲುಗಿನಲ್ಲಿ ಬರೆದದ್ದನ್ನು ಕನ್ನಡ ಮಾಡಿ ಓದತೊಡಗಿದ. ಹುರಿಯುವುದು, ಕುಟ್ಟುವುದು, ನೆನೆ ಹಾಕುವುದು, ರುಬ್ಬುವುದು, ಕುದಿಸುವುದು.

"ಕೆಳಗಿಳಿಸಿ, ಬಿಸಿಬಿಸಿ ಇದ್ದಾಗಲೇ ಕುಂಚದಿಂದ ನೂಲಿಗೆ ಹಚ್ಚುವುದು. ಸರಿ ಐತೇನ್ರಿ ಅಜ್ಜಿ?"

"ಇಳಿಸೋದು, ಹಚ್ಚೋದು. ಅಷ್ಟ."

ಮೈಲಾರಮ್ಮ ತಲೆ ಎತ್ತಿದಳು.

ಬಿಸಿ ಗಂಜಿ ಹಚ್ಚಿ ಕುಂಚ ಎಳೆದರೆ ಉಣ್ಣೆಯ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಜಡೆಗಟ್ಟುತ್ತವೆ. ಆಮೇಲೆ ದೇವರು ಬಂದರೂ ಬಿಡಿಸಲಾರ. ಮಡಕೆಯ ಬಾಯಿ ಮುಚ್ಚಿ ಒಂದು ರಾತ್ರಿ ಮೂಲೆಯಲ್ಲಿಟ್ಟು, ಪೂರಾ ತಣ್ಣಗಾದ ಮೇಲೆ ಬೆಳಗಿನ ಬಿಸಿಲಿಗೆ ಹಚ್ಚಬೇಕು. ಮುದುಕಿ ಸುಳ್ಳು ಹೇಳಿರಲಿಲ್ಲ. ಕೈ ಮಾಡುವ ಕೆಲಸಗಳನ್ನಷ್ಟೇ ಎಣಿಸಿದ್ದಳು. ಮಡಕೆ ಮೂಲೆಯಲ್ಲಿ ಸುಮ್ಮನೆ ಕೂತು ಆರುವುದನ್ನು ಯಾರು ಕೆಲಸ ಅನ್ನುತ್ತಾರೆ?

ಒಂದು ಮಾತು ಸಾಕಿತ್ತು. ನೇಮ ಅಡ್ಡ ಬಂದರೆ ರಂಗಕ್ಕನ ಕಿವಿಯಲ್ಲಿ ಪಿಸುಗುಟ್ಟಬಹುದಿತ್ತು, ಗೋಡೆಗೆ ಹೇಳಿದ ಹಾಗೆ ಗಟ್ಟಿಯಾಗಿ ಹೇಳಬಹುದಿತ್ತು. ಅವಳ ಬಾಯಿ ತೆರೆಯಲಿಲ್ಲ. ಸೋಮವಾರ ನೂಲು ಜಡೆಗಟ್ಟುತ್ತದೆ. ಇನ್ನೊಂದು ವರ್ಷ ಸರ್ಟಿಫಿಕೇಟಿಲ್ಲ. ಇನ್ನೊಂದು ವರ್ಷ ಮಗಳು ಕೊಟ್ರಮ್ಮ ಈ ಮನೆಯಲ್ಲೇ ಇರುತ್ತಾಳೆ.

ಉಂಡೆಯೇನವ್ವಾ ಎಂದು ಕೇಳುವುದು ಈ ಮನೆಯಲ್ಲಿ ಅವಳೊಬ್ಬಳೇ. ಪಡಸಾಲೆಯಲ್ಲಿ ಅವಳ ರಾಟಿ ಸದ್ದು ಮಾಡುತ್ತಿದ್ದರೆ ಒರಳಿನ ಮುಂದೆ ಕೂತವಳಿಗೆ ಒಂಟಿ ಅನ್ನಿಸುತ್ತಿರಲಿಲ್ಲ. ವರ್ಷ ಅಂದರೆ ಏನು ಮಹಾ? ಹುಡುಗನೂ ಇನ್ನಷ್ಟು ಕಲಿಯುತ್ತಾನೆ. ಅವನಿಗೇ ಒಳ್ಳೆಯದು. ಇಷ್ಟು ಬೇಗ ಇಷ್ಟು ಒಳ್ಳೆಯ ಕಾರಣಗಳು ಸಿಕ್ಕಿದ್ದು ನೋಡಿ ಅವಳಿಗೇ ಅನುಮಾನ ಬಂತು. ನೇಮವನ್ನು ಇಷ್ಟು ಶ್ರದ್ಧೆಯಿಂದ ಅವಳು ಹಿಂದೆಂದೂ ಪಾಲಿಸಿರಲಿಲ್ಲ.

ಜುಂಜಣ್ಣ ನೋಟುಬುಕ್ಕು ಚೀಲಕ್ಕೆ ಸೇರಿಸಿದ. ಅಜ್ಜಿಯ ಕಾಲು ಮುಟ್ಟಿ, ಅತ್ತೆ ಇದ್ದ ದಿಕ್ಕಿಗೆ ಒಮ್ಮೆ ಕೈ ಮುಗಿದು, ರೇವಣಸಿದ್ದಯ್ಯನ ಮನೆಯಲ್ಲಿ ಹೇಳಿ ಹೊರಡಬೇಕೆಂದು ನಡೆದ. ಅವನು ತಿರುವು ದಾಟಿದ ಮೇಲೆ ಕೊಟ್ರಮ್ಮ ಹಿತ್ತಲಿನಿಂದ ಉಣ್ಣೆಯ ಬುಟ್ಟಿ ಹೊತ್ತು ಬಂದಳು. ಅಷ್ಟು ಹೊತ್ತೂ ಅವಳು ಅಲ್ಲಿ ಎಷ್ಟು ಉಣ್ಣೆ ಬಿಡಿಸಿದ್ದಳೆಂಬುದು ಬುಟ್ಟಿ ನೋಡಿದರೇ ಗೊತ್ತಾಗುತ್ತಿತ್ತು: ಒಂದು ಹಿಡಿ.

"ಅವ್ವಾ, ಅಜ್ಜಿ ಎಲ್ಲಾ ಸರಿಯಾಗಿ ಹೇಳಿದ್ಳೇನು? ಏನಾರ ಬಿಟ್ಟಿದ್ರ?"

"ನಿನಗ್ಯಾಕ ಅವನ ಪಾಠದ ಚಿಂತಿ?"

"ನನಗೇನಿಲ್ಲ." ಕೊಟ್ರಮ್ಮ ಬುಟ್ಟಿಯೊಳಗೆ ಮುಖ ಹಾಕಿದಳು. "ಸುಮ್ನ ಕೇಳಿದೆ."

"ಸರಿ ಐತಿ," ಅಂದಳು ಮೈಲಾರಮ್ಮ.

"ಹಂಗಾರ ಸಾಕು. ನೀನು ಸರಿ ಅಂದ ಮ್ಯಾಲ ಮುಗೀತು." ಹುಡುಗಿಯ ಭುಜ ಇಳಿಯಿತು. ಎರಡು ದಿನದಿಂದ ಬಿಗಿಹಿಡಿದದ್ದೇನನ್ನೋ ಅಲ್ಲೇ ಅವ್ವನ ಮುಂದೆ ಇಳಿಸಿಟ್ಟ ಹಾಗೆ. ಹೋಗಿ ರಾಟಿಯ ಮುಂದೆ ಕೂತಳು. ನೂಲು ಒಮ್ಮೆಯೂ ಕಡಿಯದೆ ಬರತೊಡಗಿತು.

ಮೈಲಾರಮ್ಮ ಕೈ ತೊಳೆದಳು. ಬೆರಳ ಸಂದಿಯ ಅಂಟು ಹೋಗಲಿಲ್ಲ, ಮತ್ತೆ ತೊಳೆದಳು. ಮಗಳಿಗೆ ಹಿಂದೆ ಎಷ್ಟೋ ಸುಳ್ಳು ಹೇಳಿದ್ದಳು, ಹಬ್ಬಕ್ಕೆ ಹೊಸ ಸೀರೆ ಬರುತ್ತದೆ ಅಂತ, ಹಲ್ಲು ನೋವು ನಾಳೆಗೆ ಹೋಗುತ್ತದೆ ಅಂತ. ಅವೆಲ್ಲ ಮಗಳ ಸಲುವಾಗಿ ಹೇಳಿದ್ದು. ಇದು ಮಾತ್ರ ತನ್ನ ಸಲುವಾಗಿ.

ಜುಂಜಣ್ಣ ರೇವಣಸಿದ್ದಯ್ಯನ ಮನೆ ಸುತ್ತಿಕೊಂಡು ಗಾಡಿದಾರಿ ಹಿಡಿಯಬೇಕು. ಕುರಿಹಟ್ಟಿಯ ಹಿಂದಿನ ಕಾಲುದಾರಿಯಲ್ಲಿ ಹೋದರೆ ಗುಡ್ಡದ ಬುಡದ ಬಾವಿಯ ಹತ್ತಿರ ಅವನಿಗಿಂತ ಮೊದಲೇ ಸೇರಬಹುದು. ಅಲ್ಲಿ ನಿಂತು, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ಅವನಿಗೇ ಹೇಳುವುದು: ಒಂದು ರಾತ್ರಿ ಆರಲಿಕ್ಕೆ ಬಿಡಪ್ಪ, ತಣ್ಣಗಾದ ಮೇಲೆ ಹಚ್ಚು. ನೇಮ ಮುರಿದರೆ ಮುರಿಯಲಿ. ಈ ವೈಶಾಖದಲ್ಲೇ ಲಗ್ನವಾದರೆ ಆಗಲಿ.

ಅವಳು ಕೊಡ ಎತ್ತಿ ಸೊಂಟಕ್ಕಿಟ್ಟಳು.

"ಎಲ್ಲಿಗೆ ಹೊಂಟಿ ಇಂಥ ಬಿಸಿಲಾಗ? ಗುಡಾಣ ತುಂಬೈತಲ್ಲ," ಅಂದಳು ರಂಗಕ್ಕ.

"ಕುರಿಮರಿಗೆ ನೀರಿಲ್ಲ," ಅಂದು ಮೈಲಾರಮ್ಮ ಹಟ್ಟಿಯ ಕಡೆಗೆ ಬಿರಬಿರನೆ ನಡೆದಳು.